ಹುಬ್ಬಿಲ್ಲದ ಮಾಸ್ಟರು

ಮಾಸ್ಟರಿಗೆ ಹುಬ್ಬು ಇರಲಿಲ್ಲ. ಕಣ್ಣುಗಳ ಮೇಲೆ ಎರಡು ಬೋಳು ಏರು, ಅದರ ಮೇಲೆ ಕಾವಲಿಯ ಹಬೆಗೆ ಸದಾ ಎಣ್ಣೆ ಸವರಿದಂತೆ ಮಿನುಗುವ ಅಗಲವಾದ ಹಣೆ. ಮೀಸೆಯಿಲ್ಲ, ಗಡ್ಡವಿಲ್ಲ. ಹುಬ್ಬಿಲ್ಲದ ಮುಖದಲ್ಲಿ ಸಿಟ್ಟು ಯಾವುದು, ಬೇಸರ ಯಾವುದು, ತಮಾಷೆ ಯಾವುದು ಎಂದು ತಿಳಿಯುವುದು ಎಷ್ಟು ಕಷ್ಟ ಎಂಬುದು ಅವರ ಎದುರು ನಿಂತವರಿಗೇ ಗೊತ್ತು. ದೆಹಲಿಯ ಲೋಧಿ ಕಾಲೋನಿಯ ಆ ಉಡುಪಿ ಹೋಟೆಲಿಗೆ ಮೊದಲ ಸಲ ಬಂದವರು ಅಡುಗೆಮನೆಯ ಕಿಂಡಿಯಲ್ಲಿ ಆ ಮುಖ ಕಂಡೊಡನೆ ಒಂದು ಗಳಿಗೆ ಮಾತು ನಿಲ್ಲಿಸುತ್ತಿದ್ದರು. ಕಾವಲಿಯ ಬೆಂಕಿಗೆ ಸುಟ್ಟುಹೋಗಿರಬೇಕು ಎಂದು ಎಲ್ಲರ ಹಾಗೆ ನಾನೂ ಅಂದುಕೊಂಡಿದ್ದೆ.

ಹೋಟೆಲಿನಲ್ಲಿ ಕಾವಲಿಯ ಮುಂದೆ ನಿಂತು ದೋಸೆ ಹೊಯ್ಯುವವರನ್ನು ಮಾಸ್ಟರು ಎನ್ನುತ್ತಾರೆ. ಅವರ ಹೆಸರು ನನಗೆ ಗೊತ್ತಾದದ್ದು ಹದಿನಾಲ್ಕು ವರ್ಷ ಕಳೆದ ಮೇಲೆ, ಆಸ್ಪತ್ರೆಯ ಫಾರಂ ತುಂಬುವಾಗ. ಆ ಹೆಸರು ಹಿಡಿದು ಅವರನ್ನು ದೆಹಲಿಯಲ್ಲಿ ಯಾರೂ ಕರೆದದ್ದಿಲ್ಲ. ಇಲ್ಲಿ ಬರೆದರೆ ಬೇರೆ ಯಾರ ವಿಷಯವನ್ನೋ ಹೇಳಿದಂತಾದೀತು.

ನಾನು ಮಂಡ್ಯ ಕಡೆಯವಳು. ಪರೀಕ್ಷೆ ಪಾಸಾಗಿ ಇಲ್ಲಿನ ಒಂದು ಮಂತ್ರಾಲಯದಲ್ಲಿ ಅಸಿಸ್ಟೆಂಟ್ ಆಗಿ ಸೇರಿದಾಗ ನನ್ನ ಹಿಂದಿ 'ಕಿತನಾ' ಮತ್ತು 'ನಹೀ ಚಾಹಿಯೇ'ಗಳ ನಡುವೆಯೇ ಮುಗಿದುಹೋಗುತ್ತಿತ್ತು. ಕಾಲೋನಿಯ ಹಳೆಯ ಕ್ವಾರ್ಟರ್ಸಿನಲ್ಲಿ ಒಂದು ಕೋಣೆ ಹಿಡಿದಿದ್ದೆ. ಎರಡನೆಯ ವಾರ ಒಗ್ಗರಣೆಯ ಇಂಗಿನ ವಾಸನೆ ಹಿಡಿದುಕೊಂಡು ಆ ಹೋಟೆಲಿಗೆ ಹೋದೆ. ಸಾಂಬಾರು ಬಾಯಿಗಿಟ್ಟು ಮುಖ ಸಿಂಡರಿಸಿದ್ದನ್ನು ಕಿಂಡಿಯಿಂದ ಕಂಡ ಮಾಸ್ಟರು ಕೇಳಿದರು.

"ಯಾವೂರು ಅಕ್ಕ?"

"ಮಂಡ್ಯ."

"ಹಾಗಾದ್ರೆ ಸಾಂಬಾರಿಗೆ ಬೆಲ್ಲ ಜಾಸ್ತಿ ಆಯ್ತು ಅಂತ ಜಗಳ ಮಾಡ್ಲಿಕ್ಕೆ ಬಂದದ್ದಲ್ವಾ?"

ನನಗಿಂತ ಇಪ್ಪತ್ತು ವರ್ಷಕ್ಕಾದರೂ ದೊಡ್ಡವರು, ನನ್ನನ್ನು ಅಕ್ಕ ಎನ್ನುತ್ತಿದ್ದರು. ಘಟ್ಟದ ಕೆಳಗಿನವರ ಮರ್ಯಾದೆಯ ರೀತಿ ಅದು. ಅಂದಿನಿಂದ ನನಗೆ ಮಾತ್ರ ಬೆಲ್ಲ ಹಾಕುವ ಮೊದಲೇ ಒಂದು ಬಟ್ಟಲು ಸಾಂಬಾರು ತೆಗೆದಿಡುವ ಪದ್ಧತಿ ಶುರುವಾಯಿತು. ನಾನು ಅದಕ್ಕೆ ಒಂದು ದಿನವೂ ಥ್ಯಾಂಕ್ಸ್ ಹೇಳಿದವಳಲ್ಲ, ಅವರು ಹೇಳಿಸಿಕೊಳ್ಳುವ ಪೈಕಿಯೂ ಅಲ್ಲ.

ದೆಹಲಿಯನ್ನು ಮಾಸ್ಟರು ಪರದೇಶ ಎನ್ನುತ್ತಿದ್ದರು. ಯಾರಾದರೂ ತಿದ್ದಲು ಹೋದರೆ ಅವರ ಉತ್ತರ ಸಿದ್ಧವಿತ್ತು: "ನಮ್ಮ ದೇಶವೇ ಮಾರಾಯ್ರೆ, ನಾನೆಂಥ ಇಲ್ಲ ಅಂತ ಹೇಳಿದ್ದಾ? ಆದ್ರೆ ಕಡುಬು ಕಟ್ಲಿಕ್ಕೆ ಹಲಸಿನ ಎಲೆ ಸಿಗದ ಜಾಗ ಎಲ್ಲ ನಂಗೆ ಪರದೇಶ." ಪಾಸ್‌ಪೋರ್ಟ್ ಬೇಡ ಎನ್ನುವುದೊಂದನ್ನು ಬಿಟ್ಟರೆ ನನಗೂ ಹಾಗೆಯೇ ಅನಿಸುತ್ತಿತ್ತು. ಗಿರಾಕಿಗಳು 'ಭಯ್ಯಾ, ಜಲ್ದೀ' ಎಂದು ಅವಸರಿಸಿದರೆ ಅವರು ತಲೆ ಎತ್ತದೆ, "ಕಾವಲಿಗೆ ಅರ್ಜೆಂಟು ಅಂತ ಇಲ್ಲ" ಎಂದು ಕನ್ನಡದಲ್ಲೇ ಹೇಳಿ, ಅಂಗೈಯಿಂದ ನೀರು ಚಿಮುಕಿಸಿ, ಚುರ್ರೆನ್ನುವುದನ್ನು ಕಿವಿಗೊಟ್ಟು ಕೇಳಿ, ಆಮೇಲೆಯೇ ಹಿಟ್ಟು ಹೊಯ್ಯುತ್ತಿದ್ದರು. ಕೆಲಸವಿಲ್ಲದ ಹೊತ್ತಿನಲ್ಲಿ ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಏನನ್ನೋ ಚಿವುಟಿ ಚಿವುಟಿ ಗಾಳಿಯಲ್ಲಿ ಅಂಟಿಸುತ್ತಿರುತ್ತಿದ್ದವು. ಬೀಡಿ ಬಿಟ್ಟವರ ಚಟ ಇರಬೇಕೆಂದು ನಾನು ಎಣಿಸಿದ್ದೆ. ಅವರ ವಿಷಯದಲ್ಲಿ ನಾನು ಎಣಿಸಿದ್ದೆಲ್ಲ ಸುಳ್ಳಾಗುವುದೇ ಹೆಚ್ಚು.

ನಾನು ಬಂದ ಮೂರನೆಯ ಜನವರಿಯಲ್ಲಿ ಊರಿನಲ್ಲಿ ಅಪ್ಪ ತೀರಿಕೊಂಡರು. ಬೆಳಗಿನ ವಿಮಾನಕ್ಕೆ ಟಿಕೆಟ್ ಆಗಿತ್ತು, ಆದರೆ ಮಂಜು ಬಿದ್ದು ಎದುರಿನ ಮರವೂ ಕಾಣದಂತಿತ್ತು. ಒಂದರ ಹಿಂದೊಂದು ವಿಮಾನ ರದ್ದಾಯಿತು. ವಾಪಸು ಬಂದವಳಿಗೆ ಕೋಣೆಯಲ್ಲಿ ಒಬ್ಬಳೇ ಕೂರಲಾಗದೆ ಹೋಟೆಲಿಗೆ ಹೋದೆ. ಯಾರಿಗೂ ಏನೂ ಹೇಳಲಿಲ್ಲ, ಕಾಫಿ ಮಾತ್ರ ಕೇಳಿದೆ. ಮಾಸ್ಟರು ಕಿಂಡಿಯಿಂದ ಒಮ್ಮೆ ನೋಡಿ ಕಾವಲಿಯ ಉರಿ ತಗ್ಗಿಸಿ ಹೊರಗೆ ಬಂದರು. ಬಿಡುವಿಲ್ಲದ ಹೊತ್ತಿನಲ್ಲಿ ಅವರು ಕಾವಲಿ ಬಿಟ್ಟು ಬಂದದ್ದನ್ನು ನಾನು ಅದೊಂದೇ ಸಲ ನೋಡಿದ್ದು.

"ಯಾರು ಹೋದದ್ದು ಅಕ್ಕ?" ಎಂದರು.

ಹೇಳಿದೆ. ಅವರು ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಒಂದು ಮಣೆ ಹಾಕಿ, ಸಾಂಬಾರಿನ ಸಣ್ಣ ಈರುಳ್ಳಿ ತುಂಬಿದ ಬುಟ್ಟಿ ತಂದು ಮುಂದಿಟ್ಟರು. "ಸುಲೀರಿ. ಕೈಗೆ ಕೆಲ್ಸ ಕೊಟ್ರೆ ಎದೆ ಸ್ವಲ್ಪ ಸುಮ್ನಿರ್ತದೆ. ಮತ್ತೆ ಈರುಳ್ಳಿ ಎದುರು ಕೂತವರನ್ನು ಯಾಕೆ ಅಳ್ತಿ ಅಂತ ಯಾರೂ ಕೇಳುದಿಲ್ಲ."

ಊರಿನಲ್ಲಿ ಅಪ್ಪನಿಗೆ ಬೆಂಕಿ ಇಡುವ ಹೊತ್ತಿಗೆ ನಾನು ಎರಡು ಬುಟ್ಟಿ ಈರುಳ್ಳಿ ಸುಲಿದು ಮುಗಿಸಿದ್ದೆ. ಓಡಾಡುವವರು ನನ್ನನ್ನು ದಾಟಿ ಓಡಾಡಿದರು, ಯಾರೂ ಏನೂ ಕೇಳಲಿಲ್ಲ. ಹನ್ನೆರಡು ವರ್ಷ ದಾಟಿ ಈ ಬರಹ ಬರೆಯಲು ಕೂತಾಗ ನನ್ನನ್ನು ಸುಡುವುದು ಇದೇ. ಬಾಯಿ ಬಿಡದೆ ಕೂತಿದ್ದ ನನ್ನ ಮುಖವನ್ನು ಆ ಮನುಷ್ಯ ಹೊಗೆ ತುಂಬಿದ ಕಿಂಡಿಯಿಂದ ಓದಿದರು. ಮುಂದೊಂದು ದಿನ ಅವರು ಕೈಮಾಡಿ ಹೇಳಿದ್ದನ್ನು ನಾನು ಎದುರಿಗೆ ನಿಂತೂ ಓದಲಿಲ್ಲ.

ಹುಬ್ಬಿನ ಗುಟ್ಟು ತಿಳಿದದ್ದು ಹೋಟೆಲಿನ ದಣಿಗಳಿಂದ. ಒಂದು ಶನಿವಾರ ಮಧ್ಯಾಹ್ನ ಹಿತ್ತಲಲ್ಲಿ ಕನ್ನಡಿ ಹಿಡಿದು ಮಾಸ್ಟರು ಹುಬ್ಬು ಬೋಳಿಸಿಕೊಳ್ಳುತ್ತಿದ್ದುದನ್ನು ಕಂಡು ನಾನು ಬೆಚ್ಚಿ ದಣಿಗಳನ್ನು ಕೇಳಿದೆ. "ಅದು ಅವರ ವಾರದ ಪೂಜೆ ಅಕ್ಕ. ಅವರು ಮೇಳದಲ್ಲಿ ಬಣ್ಣದ ವೇಷ ಹಾಕ್ತಾ ಇದ್ದವರು, ನಿಮಗೆ ಗೊತ್ತಿಲ್ವಾ?" ಎಂದರು.

ಯಕ್ಷಗಾನದಲ್ಲಿ ರಕ್ಕಸರ ಪಾತ್ರಕ್ಕೆ ಬಣ್ಣದ ವೇಷ ಎನ್ನುತ್ತಾರೆ. ಅಕ್ಕಿಹಿಟ್ಟಿಗೆ ಸುಣ್ಣ ಬೆರೆಸಿ, ಮುಳ್ಳಿನಂಥ ಸಣ್ಣ ಸಣ್ಣ ಚುಕ್ಕಿಗಳನ್ನು ಮುಖದ ಮೇಲೆ ಒಂದೊಂದಾಗಿ ಸಾಲುಗಟ್ಟಿ ಇಡಬೇಕು. ಅದಕ್ಕೆ ಚುಟ್ಟಿ ಎಂದು ಹೆಸರು. ಮೂರು ಗಂಟೆಯ ಕೆಲಸ, ಹಾಕಿಕೊಳ್ಳುವವರೇ ಕನ್ನಡಿ ನೋಡಿ ಮಾಡಿಕೊಳ್ಳಬೇಕು. ಹುಬ್ಬಿನ ಕೂದಲಿದ್ದರೆ ಚುಟ್ಟಿ ಹಿಡಿಯುವುದಿಲ್ಲ. ಮಾಸ್ಟರು ಮೇಳ ಬಿಟ್ಟು ಇಪ್ಪತ್ತು ವರ್ಷ ದಾಟಿದ್ದರೂ ವಾರ ತಪ್ಪದೆ ಹುಬ್ಬು ಬೋಳಿಸುತ್ತಿದ್ದರು. ಕಿರೀಟ, ಎದೆಕಟ್ಟು, ಸಾಮಾನೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿ ಅವರ ಮಂಚದ ಕೆಳಗಿದ್ದವು. ಗಾಳಿ ಚಿವುಟುವ ಬೆರಳುಗಳಿಗೂ ಆಗ ಅರ್ಥ ಸಿಕ್ಕಿತು.

"ಇನ್ನೂ ಯಾಕೆ ಮಾಸ್ಟ್ರೇ?" ಎಂದು ಕೇಳಿದ್ದಕ್ಕೆ, "ಹುಬ್ಬು ಬಂದ್ರೆ ವೇಷ ಹೋಯ್ತು ಅಂತ ಲೆಕ್ಕ" ಎಂದರು. ಮೇಳ ಬಿಟ್ಟ ಕತೆಯನ್ನೂ ಆಮೇಲೆ ಅವರೇ ತುಂಡುತುಂಡಾಗಿ ಹೇಳಿದರು. ರಕ್ಕಸ ಒಮ್ಮೆಗೇ ಕಾಣಿಸಿಕೊಳ್ಳುವಂತಿಲ್ಲ. ಇಬ್ಬರು ಹಿಡಿದ ತೆರೆಯ ಹಿಂದೆ ಮೊದಲು ಕಿರೀಟದ ತುದಿ, ಆಮೇಲೆ ಬೆರಳು, ಆಮೇಲೆ ಬೆನ್ನು, ಕೊಟ್ಟಕೊನೆಗೆ ಮುಖ. ಇಪ್ಪತ್ತು ನಿಮಿಷದ ಪ್ರವೇಶ ಅದು. ರಾತ್ರಿಯಿಡೀ ನಡೆಯುತ್ತಿದ್ದ ಆಟವನ್ನು ಮೇಳದವರು ಮೊಟಕು ಮಾಡಿದಾಗ ಮೊದಲ ಕತ್ತರಿ ಬಿದ್ದದ್ದು ಅದಕ್ಕೆ. ನಾಲ್ಕು ನಿಮಿಷದಲ್ಲಿ ಮುಗಿಸಿ ಎಂದರಂತೆ. ಮುಖಕ್ಕೆ ಅರ್ಧ ಚುಟ್ಟಿ ಇಟ್ಟಿದ್ದ ಮಾಸ್ಟರು ಅದನ್ನು ಅಲ್ಲೇ ಕಿತ್ತು, ಪೆಟ್ಟಿಗೆ ಹೊತ್ತು, ದೆಹಲಿಯ ರೈಲು ಹತ್ತಿದ್ದರು. "ಅರ್ಧ ಪ್ರವೇಶ ಮಾಡುದಕ್ಕಿಂತ ಪೂರ್ತಿ ದೋಸೆ ಹೊಯ್ಯುದು ಒಳ್ಳೇದು" ಎನ್ನುತ್ತಿದ್ದರು. ಮದುವೆ ಆಗಿರಲಿಲ್ಲ. ಊರಿನಲ್ಲಿ ಕಾಲು ಬಾರದ ಅಕ್ಕ ಒಬ್ಬರಿದ್ದರು, ಅಷ್ಟೇ.

ನಮ್ಮ ಕಾಲೋನಿಯ ಪಾರ್ಕಿನಲ್ಲಿ ಪ್ರತಿ ಫೆಬ್ರವರಿ ಒಂದು ಭಾನುವಾರ ಕಲಾಮೇಳ ನಡೆಯುತ್ತದೆ. ನಿವಾಸಿಗಳೇ ಸೇರಿ ಮಾಡುವುದು. ಬಂಗಾಲಿಗಳ ಹಾಡು, ಗಢವಾಲಿಗಳ ಕುಣಿತ, ಮಕ್ಕಳ ಚಿತ್ರ, ಮನೆಯಲ್ಲೇ ಮಾಡಿದ ಉಪ್ಪಿನಕಾಯಿಯ ಮಳಿಗೆ. ನಾನು ಅದರಲ್ಲಿ ಸ್ವಯಂಸೇವಕಿ. ಹೊತ್ತು ಹೋಗಲೆಂದು ಸೇರಿದವಳು ಕಡೆಗೆ ವೇದಿಕೆಯ ಹಿಂದಿನ ಉಸ್ತುವಾರಿಯವಳಾದೆ. ಸರ್ಕಾರಿ ನೌಕರರ ಕಾಲೋನಿಯಾದ್ದರಿಂದ ಇಲ್ಲಿ ಮಕ್ಕಳ ಕುಣಿತಕ್ಕೂ ಟಿಪ್ಪಣಿ ಬೇಕು, ಮೇಲಿನವರ ಒಪ್ಪಿಗೆ ಬೇಕು. ಮಂತ್ರಿಗಳ ಸಮಾರಂಭಕ್ಕೆ ಮಾಡುವ ಹಾಗೆ ಕಲಾಮೇಳಕ್ಕೂ ಒಂದು 'ಮಿನಿಟ್ ಟು ಮಿನಿಟ್' ಪಟ್ಟಿ ಮಾಡುತ್ತೇವೆ. ಯಾರು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಹತ್ತಬೇಕು, ಎಷ್ಟಕ್ಕೆ ಇಳಿಯಬೇಕು ಎಂದು. ಆ ಪಟ್ಟಿ ಬರೆಯುವವಳು ನಾನು. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಮಾಸ್ಟರನ್ನು ಒಪ್ಪಿಸಲು ಮೂರು ಚಳಿಗಾಲ ಬೇಕಾಯಿತು. ಅವರು ಬೇಡಿರಲಿಲ್ಲ, ಹಿಂದೆ ಬಿದ್ದವಳು ನಾನು. ಕಡೆಯ ಸಲ ಅವರು ಕಾವಲಿ ಒರೆಸುತ್ತಾ ಕೇಳಿದರು.

"ಎಷ್ಟು ನಿಮಿಷ?"

"ಇಪ್ಪತ್ತು ಮಾಸ್ಟ್ರೇ."

"ಆಮೇಲೆ ಕಡಿಮೆ ಮಾಡಿ ಅಂತ ಬರುವವರು ಯಾರು?"

"ಪಟ್ಟಿ ಬರೆಯೋಳು ನಾನು. ಯಾರು ಬರ್ತಾರೆ?"

"ಬರೆದು ಕೊಡಿ ಹಾಗಾದ್ರೆ."

ಅಚ್ಚು ಹಾಕಿಸಿ ಕೊಟ್ಟೆ. ಮೂರು ನಲವತ್ತರಿಂದ ನಾಲ್ಕು ಗಂಟೆ. ಮಾಸ್ಟರು ಆ ಹಾಳೆಯ ಬೆನ್ನಿಗೆ ದೋಸೆ ಹಿಟ್ಟು ಸವರಿ ಅಕ್ಕಿ ಡಬ್ಬಿಯ ಮೇಲಿನ ಗೋಡೆಗೆ ಅಂಟಿಸಿದರು. ಕನ್ನಡ ಬಾರದ ಗಿರಾಕಿಗಳಿಗೂ ಅದನ್ನು ಬೆರಳಿಟ್ಟು ತೋರಿಸುತ್ತಿದ್ದರಂತೆ. ಹಾಡಲು ಒಬ್ಬರು, ಚೆಂಡೆಗೆ ಒಬ್ಬರು ದೆಹಲಿಯ ಇನ್ನೊಂದು ತುದಿಯ ಪೀತಮ್‌ಪುರದಿಂದ ಬರುವುದೆಂದಾಯಿತು. ಒಂದು ತಿಂಗಳು ಕಾವಲಿ ಆರಿದ ಮೇಲೆ ಮಾಸ್ಟರು ಹಿತ್ತಲಲ್ಲಿ ಹೆಜ್ಜೆ ಹಾಕಿದರು. ಮಧ್ಯೆ ಮಧ್ಯೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಅರವತ್ತರ ಮೇಲಾದವರಲ್ಲವೇ ಎಂದುಕೊಂಡೆ. ಡಾಕ್ಟರಿಗೆ ಒಮ್ಮೆ ತೋರಿಸಿ ಎಂದು ಹೇಳಬೇಕೆಂದು ನನಗೆ ತೋಚಲಿಲ್ಲ.

ಆ ಭಾನುವಾರ ಬೆಳಿಗ್ಗೆ ಹನ್ನೊಂದೂವರೆಗೆ ವೇದಿಕೆಯ ಹಿಂದಿನ ಡೇರೆಯಲ್ಲಿ ದೀಪ ಹಚ್ಚಿ, ಪೆಟ್ಟಿಗೆಗೆ ಕೈ ಮುಗಿದು ಮಾಸ್ಟರು ಕೂತರು. ಕನ್ನಡಿ ಹಿಡಿಯುವ ಕೆಲಸ ನನ್ನದು. ಹಳದಿ, ಕೆಂಪು, ಕಾಡಿಗೆ ಆದ ಮೇಲೆ ಚುಟ್ಟಿ ಶುರು. ಹೆಬ್ಬೆರಳು ತೋರುಬೆರಳುಗಳಲ್ಲಿ ಹಿಟ್ಟು ಚಿವುಟಿ ಒಂದು, ಅದರ ಪಕ್ಕ ಇನ್ನೊಂದು. ಇಪ್ಪತ್ತು ವರ್ಷ ಗಾಳಿಗೆ ಅಂಟಿಸಿದ್ದ ಕೈ ಒಂದು ಚುಕ್ಕಿಯನ್ನೂ ತಪ್ಪು ಜಾಗಕ್ಕೆ ಇಡಲಿಲ್ಲ. ಮೂಗು ಹೋಯಿತು, ಕೆನ್ನೆ ಹೋಯಿತು, ಹುಬ್ಬಿಲ್ಲದ ಜಾಗದಲ್ಲಿ ಮುಳ್ಳಿನ ಹುಬ್ಬು ಎದ್ದಿತು. ನಮ್ಮ ಮಾಸ್ಟರು ಕಾಣದೆ ಹೋಗುವುದನ್ನು ನೋಡುತ್ತಾ ನನಗೆ ಸುಮ್ಮಸುಮ್ಮನೆ ನಗು ಬಂತು.

"ನಗಬೇಡಿ ಅಕ್ಕ. ನೀವು ನಕ್ರೆ ನಾನು ನಗ್ತೇನೆ, ನಾನು ನಕ್ರೆ ಮೂರು ಗಂಟೆ ಉದುರ್ತದೆ" ಎಂದರು. ತುಟಿಯ ಸುತ್ತ ಇಡುವ ಮೊದಲು ಎರಡು ಗುಟುಕು ನೀರು ಕುಡಿದು, "ಇನ್ನು ಮಾತಿಲ್ಲ. ಎಂಥ ಇದ್ರೂ ಕೈಯಲ್ಲೇ" ಎಂದರು. ಎರಡೂಮುಕ್ಕಾಲಿಗೆ ಮುಖ ಮುಗಿಯಿತು. ಎದೆಕಟ್ಟು, ಕಿರೀಟ ಕಟ್ಟಿ ಪೆಟ್ಟಿಗೆಯ ಮೇಲೆ ಕಣ್ಣು ಮುಚ್ಚಿ ಕೂತರು.

ಮುಖ್ಯ ಅತಿಥಿಗಳು ಒಂದೂವರೆ ಗಂಟೆಗೆ ಬರಬೇಕಾದವರು, ಮೂರು ಗಂಟೆಯಾದರೂ ದಾರಿಯಲ್ಲಿದ್ದರು. ಅವರು ಬರದೆ ಉದ್ಘಾಟನೆ ಇಲ್ಲ, ಉದ್ಘಾಟನೆ ಇಲ್ಲದೆ ಯಾವುದೂ ಇಲ್ಲ. ಕಡೆಗೂ ಅವರು ಬಂದು ಉದ್ಘಾಟನೆ ಶುರುವಾದ ಮೇಲೆ, ಮೂರೂಮುಕ್ಕಾಲಿಗೆ, ಕಲಾಮೇಳದ ಸಂಚಾಲಕರು ನನ್ನ ಪಟ್ಟಿಯ ಮೇಲೆ ಕೆಂಪು ಪೆನ್ನು ಆಡಿಸುತ್ತಾ ಡೇರೆಯ ಹೊರಗೆ ಬಂದರು. ನಿವೃತ್ತ ಅಧಿಕಾರಿ, ಕೆಟ್ಟವರಲ್ಲ. "ಮೇಡಂ, ಆಪ್‌ಕಾ ಸೌತ್ ವಾಲಾ ಆಯಿಟಮ್, ಛೇ ಮಿನಟ್ ಮೇ ಖತಮ್ ಕರ್‌ವಾ ದೀಜಿಯೇ" ಎಂದರು. ಆರು ನಿಮಿಷದಲ್ಲಿ ಮುಗಿಸಿಬಿಡಬೇಕು.

ನಾನು ಏನು ಹೇಳಬೇಕಿತ್ತೋ ನನಗೆ ಗೊತ್ತಿತ್ತು. ಹೇಳಿದ್ದು "ಜೀ ಸರ್". ಮಂತ್ರಾಲಯದಲ್ಲಿ ಅಷ್ಟು ವರ್ಷ ಕಳೆದ ಬಾಯಿ ಅದು. ಮೇಲಿನವರ ದನಿ ಕೇಳಿದೊಡನೆ ಮೊದಲು 'ಜೀ ಸರ್' ಬಂದುಬಿಡುತ್ತದೆ, ಬುದ್ಧಿ ಹಿಂದಿನಿಂದ ಓಡಿ ಬರುತ್ತದೆ.

ಮಾಸ್ಟರಿಗೆ ತಿಳಿಸಲೆಂದು ಒಳಗೆ ಹೋದೆ. ತಿಳಿಸಲು ಬಾಯಿ ಬರಲಿಲ್ಲ. ಕಣ್ಣು ತಪ್ಪಿಸಿ ಪಟ್ಟಿ ನೋಡುವವಳಂತೆ ನಿಂತೆ. ಆಗ ಅವರು ಕಣ್ಣು ತೆರೆದು, ಎಡಗೈಯಿಂದ ಎದೆಕಟ್ಟನ್ನು ಅಮುಕಿ ಹಿಡಿದು, ಬಲಗೈ ಹೆಬ್ಬೆರಳನ್ನು ಗಲ್ಲದಿಂದ ಹಣೆಯವರೆಗೆ ಎಳೆದು ಹೊರಕ್ಕೆ ಚಿಮ್ಮಿದರು. ತೆಗೆಯಿರಿ, ಇದನ್ನೆಲ್ಲ ತೆಗೆಯಿರಿ, ಎಂದು. ಅದು ನನಗೆ ಸ್ಪಷ್ಟವಾಗಿಯೇ ತಿಳಿಯಿತು. ಯಾಕೆ ಎನ್ನುವುದನ್ನು ಮಾತ್ರ ನಾನೇ ಹುಟ್ಟಿಸಿಕೊಂಡೆ. ಡೇರೆಯ ಗೋಡೆ ಬಟ್ಟೆಯದು, ಸಂಚಾಲಕರ ಮಾತು ಇವರ ಕಿವಿಗೆ ಬಿದ್ದಿದೆ, ಅಂದು ಮೇಳದಲ್ಲಿ ಮಾಡಿದಂತೆ ಇಂದೂ ಕಿತ್ತೆಸೆದು ಎದ್ದುಹೋಗುತ್ತಾರೆ. ಇಷ್ಟೇ ನನ್ನ ತಲೆಯಲ್ಲಿ ಬಂದದ್ದು.

"ಮಾಸ್ಟ್ರೇ, ದಮ್ಮಯ್ಯ, ಬಿಟ್ಟು ಹೋಗ್ಬೇಡಿ. ಯಾರ್ ಏನೇ ಅನ್ಲಿ, ನಿಮ್ಮ ಇಪ್ಪತ್ತು ನಿಮಿಷ ನಿಮ್ಮದೇ. ಇಷ್ಟು ಜನರ ಮುಂದೆ ನನ್ನ ಮರ್ಯಾದೆ ಪ್ರಶ್ನೆ" ಎಂದೆ.

ಅವರು ನನ್ನನ್ನೇ ನೋಡಿದರು. ಕಾಡಿಗೆಯ ನಡುವಿನ ಆ ಕಣ್ಣುಗಳಲ್ಲಿ ಏನಿತ್ತೋ, ಸುತ್ತಲಿನ ಮುಖ ಹಲ್ಲು ಕಿರಿದ ರಕ್ಕಸನದು. ಇನ್ನೊಮ್ಮೆ ಹೆಬ್ಬೆರಳನ್ನು ಗಲ್ಲಕ್ಕೆ ತಂದರು, ಈ ಸಲ ನಿಧಾನವಾಗಿ. ನಾನು ಆ ಮಣಿಕಟ್ಟು ಹಿಡಿದು ಕೆಳಗಿಳಿಸಿ ಅವರ ತೊಡೆಯ ಮೇಲೆ ಇಟ್ಟೆ. ಕೈ ತಣ್ಣಗೆ ಒದ್ದೆಯಾಗಿತ್ತು. ಫೆಬ್ರವರಿಯ ಚಳಿ ಅಂದುಕೊಂಡೆ. ಅವರು ಮತ್ತೆ ಕೈ ಎತ್ತಲಿಲ್ಲ.

ನಾಲ್ಕು ಇಪ್ಪತ್ತೈದಕ್ಕೆ ಚೆಂಡೆ ಬಿತ್ತು. ಸಮಯ ಮುಗಿದರೆ ಬಾರಿಸುವ ಗಂಟೆ ನನ್ನ ಮೇಜಿನ ಮೇಲಿತ್ತು. ಆರು ನಿಮಿಷವಾಗುವಾಗ ತೆರೆಯ ಮೇಲೆ ಕಿರೀಟದ ತುದಿ ಮತ್ತು ಐದು ಬೆರಳು ಬಿಟ್ಟರೆ ಏನೂ ಕಂಡಿರಲಿಲ್ಲ. ಮೊದಲ ಸಾಲಿನಿಂದ ಸಂಚಾಲಕರು ಕೈಸನ್ನೆ ಮಾಡಿದರು. ನಾನು ಗಂಟೆಯನ್ನು ಎತ್ತಿ ನನ್ನ ಕೈಚೀಲದೊಳಗೆ ಹಾಕಿ ಜಿಪ್ ಎಳೆದೆ. ಹುಟ್ಟಿದ ಮೇಲೆ ಮೇಲಿನವರ ಮಾತು ಮೀರಿದ್ದು ಅದೇ ಮೊದಲು. ಬೆನ್ನು ಬಂತು. ಬೆನ್ನಿನಲ್ಲೇ ಅವರು ಸುತ್ತ ನೋಡಿದರು, ಗರ್ವಪಟ್ಟರು, ದಣಿದರು. ಉಪ್ಪಿನಕಾಯಿ ಮಾರುವವರೂ ಮಳಿಗೆ ಬಿಟ್ಟು ಬಂದು ನಿಂತರು. ಕಡೆಗೆ ತೆರೆ ಜಾರಿ ಆ ಮುಖ ಇಡಿಯಾಗಿ ಬಿಸಿಲಿಗೆ ಬಂದಾಗ ಮಕ್ಕಳು ಚೀರಿದರು. ಗಡಿಯಾರ ನೋಡಿದೆ. ಇಪ್ಪತ್ತೊಂದು ನಿಮಿಷ. ನನಗೆ ಹೆಮ್ಮೆಯಲ್ಲಿ ಕಣ್ಣು ತುಂಬಿತು.

ಇಳಿದು ಬಂದವರನ್ನು ಜನ ಮುತ್ತಿದರು. ರಕ್ಕಸನ ಜೊತೆ ಫೋಟೋ ಬೇಕು ಎಲ್ಲರಿಗೂ. ನೂಕುನುಗ್ಗಲಾಗದಂತೆ ಸಾಲು ನಿಲ್ಲಿಸಿದವಳು ನಾನೇ, ಸ್ವಯಂಸೇವಕಿಯಲ್ಲವೇ. ಮಾಸ್ಟರು ಒಂದು ಕೈಯಲ್ಲಿ ಡೇರೆಯ ಕಂಬ ಹಿಡಿದು ನಿಂತರು. ಕಾಲು ಗಂಟೆ ನಿಂತರು. ಯಾರದೋ ಮಗುವನ್ನೂ ಎತ್ತಿ ಅವರ ಕೈಗೆ ಕೊಟ್ಟರು. ಆ ಫೋಟೋಗಳು ಇಂದಿಗೂ ಕಾಲೋನಿಯ ಗುಂಪಿನಲ್ಲಿವೆ. ಒಂದರಲ್ಲೂ ಅವರು ನೋವಿನಲ್ಲಿರುವಂತೆ ಕಾಣುವುದಿಲ್ಲ. ಆಮೇಲೆ ಒಳಗೆ ಹೋಗಿ ಪೆಟ್ಟಿಗೆಯ ಮೇಲೆ ಕೂತವರು ನಾನು ಟೀ ಹಿಡಿದು ಬರುವಷ್ಟರಲ್ಲಿ ಪಕ್ಕಕ್ಕೆ ಜಾರಿ ಬಿದ್ದಿದ್ದರು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್ ಒಂದು ಹೆಜ್ಜೆ ಹಿಂದೆ ಸರಿದಳು. ಆಕ್ಸಿಜನ್ ಮಾಸ್ಕ್ ಮುಖದ ಮೇಲೆ ಕೂರಲಿಲ್ಲ. ಗಟ್ಟಿಯಾಗಿ ಒಣಗಿದ ಚುಟ್ಟಿಯ ಸಾಲುಗಳು ಅದನ್ನು ಎತ್ತಿ ಹಿಡಿಯುತ್ತಿದ್ದವು, ಗಾಳಿ ಬದಿಯಿಂದ ಸೋರುತ್ತಿತ್ತು. "ಹಟಾಯಿಯೇ ಇಸೇ, ಜಲ್ದೀ!" ಎಂದು ಡಾಕ್ಟರು ಕೂಗಿದರು. ತೆಗೆಯಿರಿ ಇದನ್ನು, ಬೇಗ, ಎಂದು. ನಾನು ಉಗುರಿನಿಂದ ಕೆರೆದೆ, ದಣಿಗಳು ಒದ್ದೆ ಬಟ್ಟೆಯಿಂದ ಉಜ್ಜಿದರು. ಕೆನ್ನೆಯ ಚರ್ಮವೂ ಅಲ್ಲಲ್ಲಿ ಕಿತ್ತು ಬಂತು. ಅವರು ಕೇಳಿದಾಗ ತೆಗೆಯದೆ ಹೋದದ್ದನ್ನು ನಾನು ಒಂದೂಮುಕ್ಕಾಲು ಗಂಟೆ ತಡವಾಗಿ ತೆಗೆಯುತ್ತಿದ್ದೆ. ಬಣ್ಣದ ಕೆಳಗಿನ ಮುಖ ಬೂದಿಯಂತಾಗಿತ್ತು, ತುಟಿ ನೀಲಿ. "ಇಷ್ಟು ಹೊತ್ತು ಯಾರಿಗೂ ಕಾಣಲಿಲ್ಲವೇ? ಬೆವರು? ಮುಖದ ಬಣ್ಣ?" ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದರು. ನಾನು ನನ್ನ ಉಗುರಿನೊಳಗಿನ ಕೆಂಪು ಹಿಟ್ಟನ್ನು ನೋಡುತ್ತಿದ್ದೆ.

ಹೃದಯದ ಅರ್ಧಕ್ಕಿಂತ ಹೆಚ್ಚು ಭಾಗ ಕೆಲಸ ನಿಲ್ಲಿಸಿತ್ತು. ಹತ್ತೊಂಬತ್ತು ದಿನ ಇದ್ದರು. ಆಫೀಸಿಗೆ ರಜೆ ಹಾಕಿ ಹಗಲು ನಾನು ಕೂರುತ್ತಿದ್ದೆ. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಅವರಿಗೆ ಮಾತು ಬಂತು.

"ಅವತ್ತು ತೆಗೀರಿ ಅಂತ ಹೇಳಿದ್ದೆ ಅಲ್ವಾ ಅಕ್ಕ ನಾನು?"

"ಹೇಳಿದ್ರಿ."

"ಎದೆ ಹಿಡ್ಕೊಂಡಿತ್ತು. ನಿಮ್ಗೆ ಗೊತ್ತಾಗ್ಲಿಲ್ವಾ?"

"ವೇಷ ಬಿಟ್ಟು ಎದ್ದು ಹೋಗ್ತೀರಿ ಅಂದ್ಕೊಂಡೆ ಮಾಸ್ಟ್ರೇ."

ಪರವಾಗಿಲ್ಲ ಎನ್ನುತ್ತಾರೆ ಎಂದು ಕಾದೆ. ನಾಚಿಕೆಯಿಲ್ಲದೆ ಕಾದೆ. ಅವರು ಹಾಗೆ ಹೇಳಲಿಲ್ಲ. "ಇಪ್ಪತ್ತು ನಿಮಿಷ ಆಯ್ತಾ ಅದು? ಪೂರ್ತಿ?" ಎಂದರು.

"ಇಪ್ಪತ್ತೊಂದು."

ಕಣ್ಣು ಮುಚ್ಚಿದರು. ಆ ಮುಖದಲ್ಲಿ ತೃಪ್ತಿ ಇತ್ತು ಎಂದು ಬರೆದರೆ ನನಗೆ ಹಗುರಾಗುತ್ತದೆ. ಆದರೆ ಅದು ಸುಳ್ಳು, ನನಗೆ ಆ ಮುಖ ಓದಲು ಬರುತ್ತಿರಲಿಲ್ಲ.

ಕೊನೆಯ ವಾರ ಅವರಿಗೆ ಒಂದೇ ಚಿಂತೆ ಹಿಡಿಯಿತು. ಸೂಜಿ ಚುಚ್ಚಿದ ಕೈಯನ್ನು ಕಷ್ಟಪಟ್ಟು ಎತ್ತಿ ಹಣೆಯ ಕೆಳಗೆ ಮುಟ್ಟಿಕೊಳ್ಳಲು ನೋಡುತ್ತಿದ್ದರು. ಮುಟ್ಟಲಾಗದೆ ನನ್ನನ್ನು ಕೇಳುತ್ತಿದ್ದರು. "ಬಂತಾ ಅಕ್ಕ?"

ಬಂದಿತ್ತು. ಎರಡು ಶನಿವಾರ ತಪ್ಪಿದ್ದಕ್ಕೇ ಬಿಳಿಯ ದಪ್ಪ ಹುಬ್ಬು ಮೊಳೆತು ನಿಂತಿತ್ತು. ಅದರಿಂದ ಅವರು ಯಾರೋ ಸಾಧು ಮುದುಕನ ಹಾಗೆ, ಯಾರ ಮನೆಯಲ್ಲಾದರೂ ಇರಬಹುದಾದ ಅಜ್ಜನ ಹಾಗೆ ಕಾಣುತ್ತಿದ್ದರು.

"ಇಲ್ಲ ಮಾಸ್ಟ್ರೇ, ಇನ್ನೂ ಬಂದಿಲ್ಲ" ಎನ್ನುತ್ತಿದ್ದೆ. ಅವರು ನಂಬಿ ಕೈ ಕೆಳಗಿಡುತ್ತಿದ್ದರು. ಪಟ್ಟಿ ಬರೆದು ಕೊಟ್ಟಾಗ ಒಮ್ಮೆ, ಡೇರೆಯಲ್ಲಿ ಒಮ್ಮೆ; ನನ್ನ ಮಾತನ್ನು ಅವರು ನಂಬಿದ್ದು ಇದು ಮೂರನೆಯ ಸಲ.

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಹೋದರು. ಊರಿನ ಅಕ್ಕ ಫೋನಿನಲ್ಲಿ ಅತ್ತು, "ನಂಗೆ ಬರ್ಲಿಕ್ಕೆ ಆಗುದಿಲ್ಲ ಮಗಾ, ನೀವೇ ಎಲ್ಲ ಮುಗಿಸಿ" ಎಂದರು. ಹೆಂಗಸರು ಸ್ಮಶಾನಕ್ಕೆ ಬರಬಾರದು ಎನ್ನುವ ಹಿರಿಯರು ಯಾರೂ ಇರಲಿಲ್ಲ. ಪರದೇಶ ಮಾಡಿಕೊಟ್ಟ ಉಪಕಾರ ಅದೊಂದೇ. ಕಾಲೋನಿಯ ಕೆಲವರು ಬಂದಿದ್ದರು. ಎಷ್ಟೋ ವರ್ಷ ಅವರ ಕೈಯ ದೋಸೆ ತಿಂದಿದ್ದ ಸರ್ದಾರ್‌ಜಿಯೊಬ್ಬರು ಮುಖ ಬಗ್ಗಿ ನೋಡಿ ಗೊಂದಲದಿಂದ ನನ್ನ ಕಡೆ ತಿರುಗಿದರು. "ಯೇ ತೋ ಅಪ್‌ನೇ ಮಾಸ್ಟರ್‌ಜೀ ಲಗ್ ಹೀ ನಹೀ ರಹೇ" ಎಂದರು. ಇವರು ನಮ್ಮ ಮಾಸ್ಟರ್ ಅನ್ನಿಸುತ್ತಲೇ ಇಲ್ಲ, ಎಂದು.

ತಲೆ ಬೋಳಿಸಲೆಂದು ಸ್ಮಶಾನದ ಬಾಗಿಲಲ್ಲಿ ಸದಾ ಕೂರುವ ಕ್ಷೌರಿಕನನ್ನು ಕರೆದು, "ಭಯ್ಯಾ, ಹುಬ್ಬು ಮಾತ್ರ ತೆಗೆಯಬೇಕು" ಎಂದು ಹಿಂದಿಯಲ್ಲಿ ಕೇಳಿದೆ. ಹೆಣದ ಹುಬ್ಬಿಗೆ ಕತ್ತಿ ಇಡುವುದಿಲ್ಲ ಎಂದು ಅವನು ಕೈ ಮುಗಿದು ಹಿಂದೆ ಸರಿದ. ದಣಿಗಳತ್ತ ನೋಡಿದೆ. ಅವರು ಆಗಲಿ ಎಂದು ತಲೆಯಾಡಿಸಿದರು. ಬೆಳಿಗ್ಗೆಯೇ ತಗಡಿನ ಪೆಟ್ಟಿಗೆ ತೆರೆದು ಮಾಸ್ಟರ ರೇಜರನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದೆ. ಮಣ್ಣಿನ ಮಡಕೆಯ ನೀರಿನಲ್ಲಿ ಬೆರಳು ಅದ್ದಿ ಎರಡೂ ಹುಬ್ಬು ಒದ್ದೆ ಮಾಡಿ, ಮೊದಲು ಎಡದ್ದು, ಆಮೇಲೆ ಬಲದ್ದು ತೆಗೆದೆ. ಅವಸರ ಮಾಡಲಿಲ್ಲ. ಕೆನ್ನೆಯಲ್ಲಿ ನನ್ನ ಉಗುರಿನ ಗಾಯಗಳು ಇನ್ನೂ ಮಾಗಿರಲಿಲ್ಲ.

ತೆಗೆಯಿರಿ ಎಂದು ಎರಡು ಸಲ ಕೈಮಾಡಿ ಕೇಳಿದ ದಿನ ನಾನು ತೆಗೆಯಲಿಲ್ಲ. ಸ್ಮಶಾನದಲ್ಲಿ ಯಾರೂ ಕೇಳದೆ ತೆಗೆದೆ. ಸರ್ದಾರ್‌ಜಿ ಮತ್ತೊಮ್ಮೆ ಹತ್ತಿರ ಬಂದು ನೋಡಿ, "ಹಾಂ, ಅಬ್ ಹೈಂ", ಹೌದು, ಈಗ ಅವರೇ, ಎಂದು ಮಾಸ್ಟರ ಕಾಲು ಮುಟ್ಟಿ ನಮಸ್ಕರಿಸಿದರು. ನಾನು ರೇಜರನ್ನು ತೊಳೆದು, ಒರೆಸಿ, ಅವರ ಬಲಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಇಟ್ಟೆ.